ಅಜ್ಜನ ಟ್ರ್ಯಾಕ್ಟರ್ ನಡುವೆ ನಿಲ್ಲುತ್ತಿತ್ತು, ಈಗ ಸರಿಯಾಯ್ತು

ಅಜ್ಜನಿಂದ ಬಂದ ಹಳೇ ಡೀಸೆಲ್ ಟ್ರ್ಯಾಕ್ಟರ್ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಸ್ವಲ್ಪ ಹೊತ್ತು ಓಡಿ, ಉಸಿರು ಕಟ್ಟಿದ ಹಾಗೆ ನಿಂತುಬಿಡುತ್ತಿತ್ತು. ಸುಮ್ನೆ ಬಿಟ್ಟರೆ ಮತ್ತೆ ಓಡುತ್ತಿತ್ತು. ಎಂಜಿನ್‌ಗೆ ಡೀಸೆಲ್ ತಳ್ಳುವ ಪಂಪ್ ಹೋಗಿದೆ ಎಂದರು ಹಲವರು. ಪಂಪ್ ಬಿಚ್ಚಿಸುವುದು ಜಾಸ್ತಿ ಖರ್ಚಿನ ಕೆಲಸ ಅಲ್ವಾ? ಅದಕ್ಕೇ ಟ್ಯಾಂಕ್ ಕಡೆಯಿಂದ ನೋಡುತ್ತಾ ಬಂದೆ.

ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡರೂ ಹೀಗೇ ಆಗುತ್ತದೆ. ಮುಚ್ಚಳ ಸಡಿಲ ಮಾಡಿ ಓಡಿಸಿದೆ. ಆದರೂ ನಿಂತಿತು. ನಿಂತ ಕೂಡಲೇ ಟ್ಯಾಂಕ್‌ನಿಂದ ಬರುವ ಪೈಪ್ ಬಿಚ್ಚಿದೆ. ಧಾರೆಯಾಗಿ ಬೀಳಬೇಕಾದ ಡೀಸೆಲ್ ತೊಟ್ಟಿಕ್ಕುತ್ತಿತ್ತು.

ಟ್ಯಾಂಕ್ ಇಳಿಸಿ ಖಾಲಿ ಮಾಡಿದರೆ ಒಳಗೆಲ್ಲ ತುಕ್ಕಿನ ಚಕ್ಕೆಗಳು, ಕೆಲವು ಉಗುರಿನಷ್ಟು ಅಗಲ. ಎಂಜಿನ್ ಓಡುವಾಗ ಇವು ಡೀಸೆಲ್ ಹೊರಹೋಗುವ ಬಾಯಿಯ ಜಾಲರಿಗೆ ಅಂಟಿಕೊಳ್ಳುತ್ತಿದ್ದವು, ನಿಂತಾಗ ಕಳಚಿ ಬೀಳುತ್ತಿದ್ದವು. ಸ್ವಲ್ಪ ಡೀಸೆಲ್, ಒಂದು ಸಣ್ಣ ಸರಪಳಿ ಹಾಕಿ ಚೆನ್ನಾಗಿ ಕುಲುಕಿ ತೊಳೆದೆ. ಫಿಲ್ಟರ್ ಹೊಸದು ಹಾಕಿದೆ. ಪೈಪ್ ಕೂಡುವ ಕಡೆಯ ತಾಮ್ರದ ವಾಷರ್‌ಗಳನ್ನೂ ಬದಲಿಸಿಬಿಡಿ, ಹಳೆಯವು ಗಾಳಿ ಎಳೆದುಕೊಳ್ಳುತ್ತವೆ.

ಕೊನೆಗೆ ಡೀಸೆಲ್ ಪೈಪ್‌ನೊಳಗೆ ಸೇರಿದ್ದ ಏರ್ ತೆಗೆದೆ. ಮೊದಲು ಫಿಲ್ಟರ್ ಸ್ಕ್ರೂ, ಆಮೇಲೆ ಪಂಪ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ. ಎಂಜಿನ್‌ನೊಳಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್ ಹತ್ತಿರ ಮಾತ್ರ ಕೈ ಒಡ್ಡಬೇಡಿ. ಆ ಒತ್ತಡಕ್ಕೆ ಡೀಸೆಲ್ ಚರ್ಮದೊಳಗೇ ನುಗ್ಗುತ್ತದೆ.

ಈಗ ಇಡೀ ದಿನ ಉತ್ತರೂ ಎಂಜಿನ್ ನಿಲ್ಲುತ್ತಿಲ್ಲ. ಪಂಪ್ ಬಿಚ್ಚುವ ಅಗತ್ಯವೇ ಬರಲಿಲ್ಲ.