ಹಿತ್ತಲ ಬಾಯ್ಲರ್‌ನಿಂದ ಮನೆವರೆಗೆ: ನೆಲದಡಿಯ ಪೈಪು ಕೊಳ್ಳುವ ಮುಂಚೆ

ಅಮೆರಿಕದ ಮಿನ್ನೆಸೊಟಾದಲ್ಲಿ ಎರಡು ಮೂರು ಚಳಿಗಾಲ ಕಳೆದ ಮೇಲೆ ನಮ್ಮವರಲ್ಲಿ ಕೆಲವರು ಮಿನಿಯಾಪೊಲಿಸ್ ಬಿಟ್ಟು ಹಳ್ಳಿ ಕಡೆ ಐದಾರು ಎಕರೆ ಇರುವ ಮನೆ ತಗೊಳ್ಳುತ್ತಾರೆ. ಅಲ್ಲಿ ಗ್ಯಾಸ್ ಲೈನ್ ಇರುವುದಿಲ್ಲ. ಮೊದಲ ಪ್ರೊಪೇನ್ ಬಿಲ್ ನೋಡಿ ಗಾಬರಿ. ಆಗ ಪಕ್ಕದವರ ಹಿತ್ತಲಲ್ಲಿ ಹೊಗೆ ಬಿಡುತ್ತ ನಿಂತ ತಗಡಿನ ಗೂಡು ಕಣ್ಣಿಗೆ ಬೀಳುತ್ತೆ. ಅದೇ ಸೌದೆ ಬಾಯ್ಲರ್.

ಮಲೆನಾಡಿನವರಿಗೆ ಇದು ಹೊಸದೇನಲ್ಲ. ಬಚ್ಚಲುಮನೆಯ ಹಂಡೆ ಒಲೆಯನ್ನೇ ದೊಡ್ಡದು ಮಾಡಿ ಹಿತ್ತಲಲ್ಲಿಟ್ಟ ಹಾಗೆ. ಸುಮಾರು 180 ಡಿಗ್ರಿ ಫ್ಯಾರನ್‌ಹೀಟಿಗೆ ಕಾದ ನೀರು ಒಂದು ಪೈಪಿನಲ್ಲಿ ಮನೆಗೆ ಬರುತ್ತೆ, ಬಿಸಿ ಕೊಟ್ಟು ಇನ್ನೊಂದರಲ್ಲಿ ವಾಪಸ್ ಹೋಗುತ್ತೆ. ನಡುವೆ ನೂರಡಿ ಮಣ್ಣು. ಕೆಡುವುದೆಲ್ಲ ಆ ನೂರಡಿಯಲ್ಲೇ.

ನನ್ನನ್ನು ಕೇಳುವವರು ಯಾವ ಬಾಯ್ಲರ್ ಒಳ್ಳೇದು ಅಂತ ಕೇಳುತ್ತಾರೆ. ಪೈಪಿನ ಬಗ್ಗೆ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ. ಒಂದು ಅಡಿ ಪೈಪಿಗೆ ಅರ್ಧ ಬೆಲೆ, ಅಗ್ಗಕ್ಕೆ ಸಿಕ್ಕಿತು ಅಂತ ತಂದು ಹಾಕಿಸಿದ್ದೆ. ಎರಡು ಪೆಕ್ಸ್ (ಬಿಸಿನೀರು ತಾಳುವ ಪ್ಲಾಸ್ಟಿಕ್) ಪೈಪಿಗೆ ಬೆಳ್ಳಿ ಬಣ್ಣದ ಬಬಲ್ ಹಾಳೆ ಸುತ್ತಿ, ಕಪ್ಪಗಿನ ಸುಕ್ಕುಸುಕ್ಕು ಕೊಳವೆಯೊಳಗೆ ತೂರಿಸಿದ ಮಾಲು ಅದು. ಮೊದಲ ಜನವರಿಯಲ್ಲಿ ಹಿತ್ತಲ ತುಂಬ ಮೊಣಕಾಲುದ್ದ ಹಿಮ. ಬಾಯ್ಲರ್‌ನಿಂದ ಬೇಸ್‌ಮೆಂಟ್ ಗೋಡೆವರೆಗೆ ಮಾತ್ರ ಎರಡಡಿ ಅಗಲದ ಪಟ್ಟಿ, ಅಲ್ಲಿ ಹಸಿರು ಹುಲ್ಲು! ಬೆಳಗಾದರೆ ಜಿಂಕೆಗಳು ಸಾಲಾಗಿ ನಿಂತು ಮೇಯುತ್ತಿದ್ದವು. ಮಕ್ಕಳು ಕಿಟಕಿ ಬಿಟ್ಟು ಕದಲುತ್ತಿರಲಿಲ್ಲ. ನಾನು ಕಡಿದು, ಸೀಳಿ, ಒಟ್ಟಿದ ಸೌದೆ ಆ ಹುಲ್ಲು ಬೆಳೆಸುತ್ತಿದೆ ಅಂತ ಗೊತ್ತಾದಾಗ ನನಗೆ ಅಳುವೇ ಬಂತು. ಬೇಸಿಗೆಯಲ್ಲಿ ಅಗೆಸಿ ಕೊಳವೆ ಕೊಯ್ದರೆ ಕಂದು ಬಣ್ಣದ ನೀರು ಬುಳಬುಳ ಸುರಿಯಿತು. ಬಬಲ್‌ಗಳೆಲ್ಲ ಚಪ್ಪಟೆ. ಬಿಸಿ ಪೈಪು, ತಣ್ಣನೆ ಪೈಪು ಒಂದಕ್ಕೊಂದು ಅಂಟಿಕೊಂಡಿದ್ದವು.

ನಷ್ಟ ಎಷ್ಟು ಅಂತ ನೀವೇ ಲೆಕ್ಕ ಹಾಕಬಹುದು. ನಿಮಿಷಕ್ಕೆ ಎಷ್ಟು ಗ್ಯಾಲನ್ ನೀರು ಹರಿಯುತ್ತೆ, ದಾರಿಯಲ್ಲಿ ಎಷ್ಟು ಡಿಗ್ರಿ ಇಳಿಯುತ್ತೆ, ಎರಡನ್ನೂ ಗುಣಿಸಿ 500ರಿಂದ ಮತ್ತೆ ಗುಣಿಸಿ. ಗಂಟೆಗೆ ಎಷ್ಟು ಬಿಟಿಯು (ಶಾಖ ಅಳೆಯುವ ಮಾನ) ಮಣ್ಣು ಪಾಲು ಅಂತ ಸಿಗುತ್ತೆ. 10 ಗ್ಯಾಲನ್ ಹರಿದು, ಹೋಗಿ ಬರುವಾಗ ಒಟ್ಟು 5 ಡಿಗ್ರಿ ಇಳಿದರೆ ಗಂಟೆಗೆ 25,000. ನೀರು ಹೆಪ್ಪುಗಟ್ಟಬಾರದಲ್ವಾ, ಪಂಪು ಹಗಲೂ ರಾತ್ರಿ ಓಡುತ್ತಲೇ ಇರುತ್ತೆ. ದಿನಕ್ಕೆ 6 ಲಕ್ಷ, 180 ದಿನಕ್ಕೆ 10.8 ಕೋಟಿ ಬಿಟಿಯು. ಒಣಗಿದ ಓಕ್ ಸೌದೆ ಒಂದು ಕಾರ್ಡ್, ಅಂದ್ರೆ 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದದ ಒಟ್ಟಲು, ಸುಮಾರು 2.4 ಕೋಟಿ ಬಿಟಿಯು. ಅದರಲ್ಲಿ ಅರ್ಧ ನೀರಿಗೆ ಇಳಿದರೂ 9 ಕಾರ್ಡ್ ಸೌದೆ ಬರೀ ಮಣ್ಣು ಕಾಯಿಸಿತು. ಒಳ್ಳೆ ಪೈಪಿನಲ್ಲಿ ಒಂದೇ ಡಿಗ್ರಿ ಇಳಿದರೆ ಎರಡು ಕಾರ್ಡ್ ಕೂಡ ಆಗುವುದಿಲ್ಲ. ಆ ಏಳು ಕಾರ್ಡ್ ಪ್ರತಿ ವರ್ಷ ನಿಮ್ಮ ಬೆನ್ನ ಮೇಲೆ ಬೀಳುತ್ತೆ. ದುಡ್ಡು ಕಡಿಮೆ ಬಿದ್ದರೆ ಬಾಯ್ಲರ್ ಒಂದು ಸೈಜು ಚಿಕ್ಕದು ತಗೊಳ್ಳಿ, ಪೈಪಿನಲ್ಲಿ ಮಾತ್ರ ಉಳಿಸಬೇಡಿ.

ನಾನು ಹೇಳುವುದು ಪಾಲಿಯುರಿಥೇನ್ ಫೋಮ್ ತುಂಬಿದ ಪೈಪು. ಎರಡು ಪೆಕ್ಸ್ ನಡುವೆ, ಸುತ್ತಲೂ ಫೋಮ್ ಗಟ್ಟಿಯಾಗಿ ಹಿಡಿದಿರುತ್ತೆ, ಮೇಲೆ ದಪ್ಪ ಪ್ಲಾಸ್ಟಿಕ್ ಕವಚ. ಎಲ್ಲೋ ಕವಚ ಹರಿದರೂ ನೀರು ಉದ್ದಕ್ಕೆ ಓಡಲು ಒಳಗೆ ಜಾಗವಿಲ್ಲ. ಥರ್ಮೋಪೆಕ್ಸ್ ಎನ್ನುವ ಬ್ರ್ಯಾಂಡ್ ಈ ಜಾತಿಯದು. ಇನ್ನೊಂದು ಬ್ರ್ಯಾಂಡ್ ಎಕೋಫ್ಲೆಕ್ಸ್‌ನಲ್ಲಿ ಮೆತ್ತನೆ ಫೋಮ್ ಪದರಗಳಿರುತ್ತವೆ. ಬಗ್ಗಿಸಲು ಸುಲಭ, ಆದರೆ ತುದಿ ಮುಚ್ಚುವುದರಲ್ಲಿ ಇನ್ನೂ ಜಾಗ್ರತೆ ಬೇಕು. ಅಗೆದ ಕಾಲುವೆಯಲ್ಲೇ ಪೈಪಿಟ್ಟು ಮೇಲೆ ಫೋಮ್ ಸಿಂಪಡಿಸುವವರೂ ಇದ್ದಾರೆ. ಕೆಲಸ ಬಲ್ಲವರಾದರೆ ಅದೂ ಪರವಾಗಿಲ್ಲ, ಆದರೆ ನೀರು ಕುಡಿಯದ ಕ್ಲೋಸ್ಡ್ ಸೆಲ್ ಫೋಮೇ ಆಗಬೇಕು, ಪೈಪುಗಳು ದೂರ ದೂರ ಇರಬೇಕು. ಯಾವುದೇ ತಗೊಂಡರೂ ಆಮ್ಲಜನಕ ತಡೆಯುವ ಪದರವಿರುವ ಪೆಕ್ಸ್ ಕೇಳಿ.

ಸೈಜು ಚಿಕ್ಕದಾಗದಿರಲಿ. ಒಂದಿಂಚಿನ ಪೆಕ್ಸ್ ಒಳಗೆ ಪೂರ್ತಿ ಒಂದಿಂಚು ಇರುವುದಿಲ್ಲ, ಮುಕ್ಕಾಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ದೂರ 150 ಅಡಿ ದಾಟಿದರೆ ಒಂದೂಕಾಲಿಂಚು ನೋಡಿ.

ಅಗೆಯುವ ಮೊದಲು 811ಕ್ಕೆ ಫೋನ್ ಮಾಡಲೇಬೇಕು. ಇಲ್ಲಿ ಅದು ನೆಲದಡಿಯ ಲೈನುಗಳಿಗೆ ಗುರುತು ಹಾಕಿಸುವ ಸೇವೆಯಾದ ಗೋಫರ್ ಸ್ಟೇಟ್ ಒನ್ ಕಾಲ್‌ಗೆ ಹೋಗುತ್ತೆ. ಕನಿಷ್ಠ ಎರಡು ಕೆಲಸದ ದಿನ ಮುಂಚೆ ಹೇಳಿ, ದುಡ್ಡು ಕೊಡಬೇಕಿಲ್ಲ. ಆದರೆ ಅವರು ಗುರುತು ಹಾಕುವುದು ಕಂಪನಿಗಳ ಲೈನಿಗೆ ಮಾತ್ರ. ಪ್ರೊಪೇನ್ ಟ್ಯಾಂಕಿನಿಂದ ಮನೆಗೆ ಬಂದ ಪೈಪು, ಬೋರ್‌ವೆಲ್ ವೈರು, ಸೆಪ್ಟಿಕ್ ಲೈನು ನಿಮ್ಮ ಜವಾಬ್ದಾರಿ.

ಎಷ್ಟು ಆಳ ಅಂತ ಎಲ್ಲರೂ ಕೇಳುತ್ತಾರೆ. ನೆಲ ಹೆಪ್ಪುಗಟ್ಟುವ ಆಳ ದಾಟಲು ಇಲ್ಲಿ ಮನೆಯ ತಳಪಾಯಕ್ಕೆ ರಾಜ್ಯದ ದಕ್ಷಿಣದಲ್ಲಿ 42 ಇಂಚು, ಉತ್ತರದಲ್ಲಿ 60 ಇಂಚು ಅಗೆಯಬೇಕು. ಬಿಸಿನೀರು ಓಡುತ್ತಿರುವ ಪೈಪಿಗೆ ಅಷ್ಟು ಬೇಡ, ಒಳ್ಳೆ ಪೈಪಾದರೆ ಎರಡಡಿ ಸಾಕು. ಟ್ರಕ್ಕು ಹಾಯುವ ಜಾಗದಲ್ಲಿ ಇನ್ನೂ ಕೆಳಗೆ ಹೋಗಿ. ಹಿಮಕ್ಕಿಂತ ನೀರಿಗೆ ಹೆದರಬೇಕು. ತಗ್ಗಿನಲ್ಲಿ, ಜೌಗಿನಲ್ಲಿ ಕಾಲುವೆ ಬೇಡ. ಸುತ್ತಿ ಹೋದರೂ ದಿಬ್ಬದ ಮೇಲೇ ಹೋಗಿ. ಕೆಳಗೆ ಮರಳು ಹಾಸಿ, ಕಲ್ಲು ಆರಿಸಿ. ಮಣ್ಣಿನೊಳಗೆ ಒಂದೂ ಜಾಯಿಂಟ್ ಬೇಡ, ಒಂದೇ ಸುರುಳಿ ಬರಲಿ. ಎರಡೂ ತುದಿಗೆ ರಬ್ಬರ್ ಕ್ಯಾಪ್ ಬಿಗಿಯಾಗಿ ಕೂರಿಸಿ, ಮಣ್ಣು ಮುಚ್ಚುವ ಮೊದಲು ನೀವೇ ನಿಂತು ನೋಡಿ. ಆಗಸ್ಟ್‌ನೊಳಗೆ ಮುಗಿಸಿಕೊಳ್ಳಿ. ನವೆಂಬರ್ ಚಳಿಗೆ ಸುರುಳಿ ಬಿಚ್ಚಲೂ ಆಗುವುದಿಲ್ಲ, ಅಷ್ಟು ಪೆಡಸಾಗಿರುತ್ತೆ.

ಬಾಯ್ಲರ್ ಇರುವ ಹಳೇ ಮನೆ ಕೊಳ್ಳುತ್ತಿದ್ದೀರಾ? ಸಾಧ್ಯವಾದರೆ ಹಿಮ ಬಿದ್ದ ಮರುದಿನ, ಬಾಯ್ಲರ್ ಉರಿಯುತ್ತಿರುವಾಗ ಹೋಗಿ ನೋಡಿ. ಹಿತ್ತಲಲ್ಲಿ ಕರಗಿದ ಪಟ್ಟಿ ಇದೆಯಾ ಅಂತ ಮೊದಲು ಗಮನಿಸಿ. ಆಮೇಲೆ ಬೇಸ್‌ಮೆಂಟಿಗೆ ಇಳಿದು, ಗೋಡೆಯಿಂದ ಪೈಪು ಒಳಬರುವ ಜಾಗಕ್ಕೆ ಟಾರ್ಚ್ ಬಿಡಿ. ಕಪ್ಪು ಕವಚದ ಬಾಯಿಂದ ನೀರು ತೊಟ್ಟಿಕ್ಕುತ್ತಿದ್ದರೆ, ಕೆಳಗೆ ಬಿಳಿ ಉಪ್ಪಿನ ಕಲೆ ಕಂಡರೆ, ಹೊಸ ಪೈಪು, ಅಗೆತ ಎರಡರ ಖರ್ಚನ್ನೂ ಮನೆ ಬೆಲೆಯಲ್ಲಿ ಕಡಿಮೆ ಮಾಡಿಸಿ.