ಕಾಸರಗೋಡಿಗೆ ಹೊಸಬರೇ, ಕಾರಿನ ಎಸಿ ತಣ್ಣಗಾಗುತ್ತಿಲ್ಲವೇ? ಗ್ಯಾಸ್ ಹಾಕಿಸುವ ಮುಂಚೆ ಇದನ್ನು ಓದಿ

ಹುಬ್ಬಳ್ಳಿ, ದಾವಣಗೆರೆ, ಕಲಬುರಗಿ ಕಡೆಯಿಂದ ವರ್ಗವಾಗಿ ಇಲ್ಲಿಗೆ ಬರುವ ನಮ್ಮವರು ಮೊದಲು ಬಾಡಿಗೆ ಮನೆ ವಿಚಾರಿಸುತ್ತಾರೆ, ಆಮೇಲೆ ಮಕ್ಕಳಿಗೆ ಕನ್ನಡ ಮಾಧ್ಯಮದ ಶಾಲೆ. ಮಾರ್ಚ್ ಬಂತೆಂದರೆ ಕಾರಿನ ಎಸಿ ಮಾತು ಶುರುವಾಗುತ್ತದೆ. "ಊರಲ್ಲಿ ಚೆನ್ನಾಗೇ ಇತ್ತು, ಇಲ್ಲಿ ಕೂಲಿಂಗೇ ಇಲ್ಲ, ಗ್ಯಾಸ್ ಹಾಕಿಸಬೇಕಾ?" ಅಂತ ಕೇಳುತ್ತಾರೆ. ಎಲ್ಲರಿಗೂ ನಾನು ಹೇಳುವುದು ಒಂದೇ. ಗ್ಯಾಸ್ ಕೊನೆಗೆ. ಮೊದಲು ಗಾಳಿ ಓಡಾಡುವ ದಾರಿ ನೋಡಿ.

ಎಸಿಯ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಖಾಲಿಯಾಗುವುದಿಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ವರ್ಷಗಟ್ಟಲೆ ಓಡಿದ ಕಾರಿನಲ್ಲಿ ರಬ್ಬರ್ ಪೈಪಿನ ಮೂಲಕ ಸ್ವಲ್ಪ ಸ್ವಲ್ಪ ಹೊರಗೆ ಹೋಗುವುದು ಉಂಟು. ಆದರೆ ಒಂದೇ ಬೇಸಿಗೆಯಲ್ಲಿ ಎರಡು ಸಲ ಹಾಕಿಸಬೇಕಾಯಿತು ಎಂದರೆ ಎಲ್ಲೋ ಲೀಕ್ ಇದೆ. ಲೀಕ್ ಮುಚ್ಚದೆ ಗ್ಯಾಸ್ ತುಂಬಿದರೆ ದುಡ್ಡು ಗಾಳಿಗೆ ಹೋಗುತ್ತದೆ, ಜೊತೆಗೆ ಆ ಗ್ಯಾಸ್ ವಾತಾವರಣಕ್ಕೂ ಕೆಟ್ಟದ್ದು.

ಹಾಗಾದರೆ ಊರಲ್ಲಿ ಚೆನ್ನಾಗಿದ್ದದ್ದು ಇಲ್ಲಿ ಯಾಕೆ ಸೋಲುತ್ತದೆ? ತೇವದಿಂದ. ಕಲಬುರಗಿಯ 40 ಡಿಗ್ರಿ ಬಿಸಿಲಲ್ಲಿ ಗಾಳಿ ಒಣಗಿರುತ್ತದೆ. ತೇವಾಂಶ ಶೇಕಡಾ 20 ಇದ್ದರೆ ಒಂದು ಕಿಲೋ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಿನ ಆವಿ ಇರುತ್ತದೆ. ಇಲ್ಲಿ 33 ಡಿಗ್ರಿಯೇ ಇರಬಹುದು, ಆದರೆ ತೇವಾಂಶ 70 ಇದ್ದರೆ ಅದೇ ಒಂದು ಕಿಲೋ ಗಾಳಿಯಲ್ಲಿ 22 ಗ್ರಾಂ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಈ ಆವಿಯನ್ನು ನೀರು ಮಾಡಿ ಹೊರಗೆ ಹಾಕಬೇಕು. ತಣ್ಣೀರಿನ ಲೋಟದ ಹೊರಗೆ ಹನಿ ಕೂರುವ ಹಾಗೆ ಡ್ಯಾಶ್‌ಬೋರ್ಡಿನ ಒಳಗಿರುವ ಇವ್ಯಾಪರೇಟರ್ ಮೇಲೆ ನೀರು ಕೂರುತ್ತದೆ. ಎಸಿಯ ಶಕ್ತಿಯಲ್ಲಿ ದೊಡ್ಡ ಪಾಲು ಅದಕ್ಕೇ ಖರ್ಚು. ಅರ್ಧ ಮುಚ್ಚಿದ ಫಿಲ್ಟರ್, ಧೂಳು ಹಿಡಿದ ಕಂಡೆನ್ಸರ್ (ಕಾರಿನ ಮುಂಭಾಗದಲ್ಲಿ ಬಿಸಿ ಹೊರಹಾಕುವ ಜಾಲರಿ) ಇಟ್ಟುಕೊಂಡು ಒಣ ಊರಲ್ಲಿ ಹೇಗೋ ನಡೆದುಹೋಗುತ್ತದೆ. ಈ ಸೆಕೆಯಲ್ಲಿ ನಡೆಯುವುದಿಲ್ಲ.

ಹಾಗಾಗಿ ಮೊದಲನೇ ಅಭ್ಯಾಸ: ರೀಸರ್ಕ್ಯುಲೇಷನ್ ಗುಂಡಿ. ಬಾಣ ಕಾರಿನೊಳಗೇ ತಿರುಗುವ ಚಿತ್ರ ಇರುತ್ತದಲ್ಲ, ಅದು. ಬಿಸಿಲಲ್ಲಿ ನಿಂತ ಕಾರಿನ ಕಿಟಕಿ ಒಂದೆರಡು ನಿಮಿಷ ತೆರೆದು ಓಡಿಸಿ, ಬಿಸಿ ಗಾಳಿ ಹೋದ ಮೇಲೆ ಕಿಟಕಿ ಮುಚ್ಚಿ, ಈ ಗುಂಡಿ ಒತ್ತಿ. ಹೊರಗಿನ ತೇವದ ಗಾಳಿಯನ್ನೇ ಎಳೆಯುತ್ತಾ ಇದ್ದರೆ ಹೊಸ ಕಾರಿನ ಎಸಿಯೂ ಒದ್ದಾಡುತ್ತದೆ. ತುಂಬಾ ದೂರ ಹೋಗುವಾಗ ಮಧ್ಯೆ ಸ್ವಲ್ಪ ಹೊತ್ತು ಹೊರಗಿನ ಗಾಳಿ ಬಿಡಿ, ಇಲ್ಲದಿದ್ದರೆ ನಿದ್ದೆ ಬಂದ ಹಾಗಾಗುತ್ತದೆ.

ಅಷ್ಟಾದ ಮೇಲೂ ತಂಪು ಸಾಲದಿದ್ದರೆ ಅಳತೆ ಮಾಡಿ. ಅಡುಗೆಗೆ ಬಳಸುವ ಕಡ್ಡಿಯಂಥ ಡಿಜಿಟಲ್ ಥರ್ಮಾಮೀಟರ್ ಸಾಕು. ಕಾರನ್ನು ನೆರಳಿನಲ್ಲಿ, ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆಯೇ ಇಲ್ಲದೆ ಪ್ರಾಣ ತೆಗೆಯುತ್ತದೆ. ಎಸಿ ಪೂರ್ತಿ ತಂಪಿಗೆ, ಬ್ಲೋವರ್ ಮಧ್ಯಮಕ್ಕೆ, ರೀಸರ್ಕ್ಯುಲೇಷನ್ ಆನ್, ಕಿಟಕಿ ಮುಚ್ಚಿ. ಕಡ್ಡಿಯನ್ನು ನಡುವಿನ ಗಾಳಿ ಕಿಂಡಿಯೊಳಗೆ ತೂರಿಸಿ, ಇಂಜಿನ್ ಸುಮಾರು 1500 ಆರ್‌ಪಿಎಂನಲ್ಲಿಟ್ಟು ಹತ್ತು ನಿಮಿಷ ಕಾಯಿರಿ. 7ರಿಂದ 12 ಡಿಗ್ರಿಯೊಳಗೆ ಬಂದರೆ ನಿಮ್ಮ ಎಸಿ ಸರಿಯಾಗಿದೆ. 15ರ ಮೇಲೆ ನಿಂತರೆ ಏನೋ ತೊಂದರೆ ಇದೆ. ಬಂದ ಅಂಕಿಯನ್ನು ಬರೆದಿಟ್ಟುಕೊಳ್ಳಿ.

ಇನ್ನು ತೊಂದರೆ ಯಾವಾಗ ಕಾಣುತ್ತದೆ ಎಂಬುದನ್ನು ಗಮನಿಸಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹೆದ್ದಾರಿಯಲ್ಲಿ ತಂಪು, ಸಿಗ್ನಲ್ಲಿನಲ್ಲಿ ನಿಂತರೆ ಬಿಸಿ ಎಂದಾದರೆ ಮುಂದಿನ ಫ್ಯಾನ್ ಅಥವಾ ಕಂಡೆನ್ಸರ್ ಕಡೆ ನೋಡಿ. ಬೆಳಿಗ್ಗೆ ತಣ್ಣನೆಯ ಇಂಜಿನ್ ಇರುವಾಗ ತಂಪು, ಇಂಜಿನ್ ಬಿಸಿಯಾದ ಮೇಲೆ ಉಗುರುಬೆಚ್ಚಗೆ ಎಂದಾದರೆ ಹೀಟರಿನ ಗಾಳಿ ತಡೆಯುವ ಫ್ಲ್ಯಾಪ್ ಪೂರ್ತಿ ಮುಚ್ಚುತ್ತಿಲ್ಲ, ಅದರ ಕೇಬಲ್ ಜಾರಿರಬಹುದು. ಅರ್ಧ ಗಂಟೆ ಚೆನ್ನಾಗಿದ್ದು ಆಮೇಲೆ ಗಾಳಿ ಬರುವುದೇ ಕಡಿಮೆಯಾದರೆ ಇವ್ಯಾಪರೇಟರ್ ಮೇಲೆ ಮಂಜುಗಡ್ಡೆ ಕಟ್ಟಿದೆ. ಎಸಿ ಆಫ್ ಮಾಡಿ ಬ್ಲೋವರ್ ಮಾತ್ರ ಹತ್ತು ನಿಮಿಷ ಓಡಿಸಿ, ಗಾಳಿ ವಾಪಸ್ ಬಂದರೆ ಅದು ಖಾತ್ರಿ.

ಮಂಜು ಕಟ್ಟುವುದಕ್ಕೆ ಮಾಮೂಲಿ ಕಾರಣ ಕೊಳೆ ತುಂಬಿದ ಕ್ಯಾಬಿನ್ ಫಿಲ್ಟರ್. ಹೆಚ್ಚಿನ ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಬಾಕ್ಸಿನ ಎರಡೂ ಬದಿ ಒಳಕ್ಕೆ ಒತ್ತಿ ಕೆಳಗಿಳಿಸಿದರೆ ಒಂದು ಮುಚ್ಚಳ ಕಾಣುತ್ತದೆ. ತೆಗೆದು ನೋಡಿ. ತೆಂಗಿನ ಮರದಡಿ, ಹಲಸಿನ ಮರದಡಿ ನಿಲ್ಲಿಸುವ ಕಾರಾದರೆ ತರಗೆಲೆಯ ಚೂರು, ಕೆಂಪು ಕಲ್ಲಿನ ಧೂಳು ಎಲ್ಲ ಸಿಗುತ್ತದೆ. ಮಳೆಗಾಲ ಕಳೆದ ಮೇಲೆ ಇಲಿ ಗೂಡು ಸಿಕ್ಕರೂ ಆಶ್ಚರ್ಯವಿಲ್ಲ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ, ಹೊಸದು ಹಾಕಿ. ಬಾಣದ ಗುರುತು ನೋಡಿ ಅದೇ ದಿಕ್ಕಿನಲ್ಲಿ ಕೂರಿಸಿ. ಕೆಲವು ಚಿಕ್ಕ ಕಾರುಗಳಲ್ಲಿ ಫಿಲ್ಟರಿನ ಜಾಗ ಮಾತ್ರ ಇರುತ್ತದೆ, ಫಿಲ್ಟರ್ ಇರುವುದಿಲ್ಲ. ಅಂಥ ಕಾರಲ್ಲಿ ಧೂಳು ನೇರವಾಗಿ ಇವ್ಯಾಪರೇಟರಿಗೇ ಅಂಟಿರುತ್ತದೆ. ಅದನ್ನು ಶುಚಿ ಮಾಡುವುದು ಗ್ಯಾರೇಜಿನ ಕೆಲಸ. ಅದಾದ ಮೇಲೆ ಒಂದು ಫಿಲ್ಟರ್ ಹಾಕಿಸಿಕೊಳ್ಳಿ.

ಎಸಿ ಓಡುವಾಗ ಕಾರಿನಡಿ ನೀರು ತೊಟ್ಟಿಕ್ಕುತ್ತದೆ. ಹೊಸಬರು ಗಾಬರಿಯಾಗುತ್ತಾರೆ. ಗಾಬರಿ ಬೇಡ, ಅದು ಗಾಳಿಯಿಂದ ತೆಗೆದ ನೀರು. ಈ ಕರಾವಳಿಯಲ್ಲಿ ನೀರು ಬೀಳದಿದ್ದರೇ ಯೋಚನೆ. ಎಡಗಡೆ ಸೀಟಿನ ಕಾಲಡಿಯ ಮ್ಯಾಟ್ ಒದ್ದೆಯಾಗಿದ್ದರೆ ಡ್ರೈನ್ ಪೈಪ್ ಕಟ್ಟಿಕೊಂಡಿದೆ ಎಂದು ಅರ್ಥ. ಕಾರಿನ ಕೆಳಗಿಂದ ಆ ಚಿಕ್ಕ ರಬ್ಬರ್ ಕೊಳವೆಯ ಬಾಯಿಗೆ ಮೆದುವಾದ ಪ್ಲಾಸ್ಟಿಕ್ ದಾರ ತೂರಿಸಿದರೆ ಬಿಟ್ಟುಕೊಳ್ಳುತ್ತದೆ. ಚೂಪಾದ ತಂತಿ ಬೇಡ.

ಈಗ ಕಾರಿನ ಮುಂಭಾಗಕ್ಕೆ ಬನ್ನಿ. ನನ್ನ ಪ್ರಕಾರ ಕಾಸರಗೋಡಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಳಜಿ ಬೇಕಾದದ್ದು ಕಂಡೆನ್ಸರಿಗೆ. ರೇಡಿಯೇಟರಿನ ಮುಂದೆ ನಿಂತಿರುವ ತೆಳು ಜಾಲರಿಯ ಅಲ್ಯೂಮಿನಿಯಂ ಹಲಗೆ ಅದು. ಕಾರಿನೊಳಗಿನ ಬಿಸಿ ಹೊರಹೋಗುವುದು ಅಲ್ಲಿಂದಲೇ. ಸಮುದ್ರದ ಉಪ್ಪು ಗಾಳಿ, ಹೆದ್ದಾರಿ 66ರಲ್ಲಿ ಲಾರಿಗಳು ಎಬ್ಬಿಸುವ ಧೂಳು, ಚಿಮ್ಮುವ ಜಲ್ಲಿ, ರಾತ್ರಿ ಬಡಿಯುವ ಹುಳ ಎಲ್ಲವೂ ಬಂದು ಅಂಟುವುದು ಅದಕ್ಕೇ. ಉಪ್ಪು ಮತ್ತು ತೇವ ಕೂಡಿ ಅಲ್ಯೂಮಿನಿಯಂ ತಿನ್ನುತ್ತದೆ. ಜಾಲರಿ ಬಿಳಿ ಪುಡಿಯಾಗಿ ಉದುರಲು ಶುರುವಾದರೆ ತೊಳೆದು ಪ್ರಯೋಜನವಿಲ್ಲ, ಬದಲಿಸಬೇಕು. ಅಲ್ಲಿಯವರೆಗೂ ಹೋಗಬಾರದು ಎಂದರೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ, ಮತ್ತು ಬೇಕಲದ ಕಡಲ ದಂಡೆಗೆ ಹೋಗಿ ಬಂದ ದಿನ, ಮುಂದಿನ ಜಾಲಿಯ ಮೂಲಕ ಸಾದಾ ನೀರು ಬಿಡಿ. ಇಂಜಿನ್ ತಣ್ಣಗಿರಲಿ. ಗಿಡಕ್ಕೆ ನೀರು ಹಾಕುವ ಪೈಪಿನ ಒತ್ತಡ ಸಾಕು. ಪ್ರೆಷರ್ ವಾಷರ್ ಹತ್ತಿರ ಹಿಡಿದರೆ ಜಾಲರಿ ಮಡಚಿಹೋಗಿ ಗಾಳಿಯೇ ಹೋಗುವುದಿಲ್ಲ. ಆಸಿಡ್, ಸೋಡಾ ಅಂಥದ್ದೇನೂ ಹಾಕಬೇಡಿ. ಕೊಳೆ ಗಟ್ಟಿಯಾಗಿದ್ದರೆ ಕಾರು ತೊಳೆಯುವ ಶ್ಯಾಂಪೂ ನೊರೆ, ಮೆದು ಬ್ರಷ್.

ಆಮೇಲೆ ಬಾನೆಟ್ ತೆರೆದು ಇಂಜಿನ್ ಶುರು ಮಾಡಿ ಎಸಿ ಹಾಕಿ. ಲುಂಗಿ, ಶಾಲು, ಸಡಿಲ ತೋಳು ಬೆಲ್ಟಿನ ಹತ್ತಿರ ಹೋಗದ ಹಾಗೆ ನೋಡಿಕೊಳ್ಳಿ. ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಬಹುದು, ಕೈ ಹಾಕಬೇಡಿ. ಹೆಚ್ಚಿನ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿನಲ್ಲೇ ಫ್ಯಾನ್ ಓಡಬೇಕು. ಓಡದಿದ್ದರೆ ಫ್ಯೂಸ್ ನೋಡಿ, ಆಮೇಲೆ ರಿಲೇ (ಫ್ಯಾನಿಗೆ ಕರೆಂಟ್ ಕೊಡುವ ಚಿಕ್ಕ ಸ್ವಿಚ್). ಫ್ಯೂಸ್ ಪೆಟ್ಟಿಗೆಯಲ್ಲಿ ಅದೇ ಅಳತೆಯ, ಅದೇ ನಂಬರಿನ ಇನ್ನೊಂದು ರಿಲೇ ಇದ್ದರೆ ಇಂಜಿನ್ ಆಫ್ ಮಾಡಿ ಅದಲು ಬದಲು ಮಾಡಿ ನೋಡಬಹುದು. ಸುಟ್ಟ ಫ್ಯೂಸಿನ ಜಾಗಕ್ಕೆ ಜಾಸ್ತಿ ಆಂಪಿಯರಿನದು ಹಾಕುವುದು ಮಾತ್ರ ಬೇಡ, ವೈರಿಂಗ್ ಸುಡುತ್ತದೆ.

ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪೇ ಕಂಪ್ರೆಸರ್. ಅದರ ಮೂತಿಯಲ್ಲಿರುವ ತಟ್ಟೆ (ಕ್ಲಚ್) ಎಸಿ ಹಾಕಿದಾಗ ಟಕ್ ಎಂದು ಹಿಡಿದು ತಿರುಗಬೇಕು. ಹೊಸ ಕಾರುಗಳ ಕೆಲವು ಕಂಪ್ರೆಸರುಗಳಲ್ಲಿ ಈ ಕ್ಲಚ್ ಇರುವುದಿಲ್ಲ, ಹಾಗಾಗಿ ಸದ್ದು ಬರದಿದ್ದರೆ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಕ್ಲಚ್ ಇರುವ ಕಾರಿನಲ್ಲಿ ಕೆಲವೇ ಸೆಕೆಂಡಿಗೊಮ್ಮೆ ಹಿಡಿದು ಬಿಟ್ಟು ಮಾಡುತ್ತಿದ್ದರೆ ಗ್ಯಾಸ್ ಕಡಿಮೆ ಇರುವ ಸಾಧ್ಯತೆ ಜಾಸ್ತಿ. ಕ್ಯಾಬಿನ್ ಗೋಡೆಯ ಹತ್ತಿರದ ದಪ್ಪ ಅಲ್ಯೂಮಿನಿಯಂ ಪೈಪ್ ಮುಟ್ಟಿದರೆ ತಣ್ಣಗೆ, ಒದ್ದೆಯಾಗಿ ಇರಬೇಕು. ಇಲ್ಲಿನ ಹವೆಯಲ್ಲಿ ಅದು ಚೆನ್ನಾಗಿ ಬೆವರುತ್ತದೆ. ಕಂಪ್ರೆಸರಿನಿಂದ ಹೊರಡುವ ಇನ್ನೊಂದು ಪೈಪ್ ಸುಡುವಷ್ಟು ಬಿಸಿ, ಅದನ್ನು ಮುಟ್ಟಬೇಡಿ. ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಾದರೆ ಕಿತ್ತಳೆ ಬಣ್ಣದ ವೈರಿನ ತಂಟೆಗೇ ಹೋಗಬಾರದು.

ಗಾಳಿಯ ದಾರಿ, ಫ್ಯಾನ್, ಫ್ಯೂಸ್ ಎಲ್ಲ ಸರಿ ಇದ್ದು ದಪ್ಪ ಪೈಪ್ ತಣ್ಣಗಾಗದಿದ್ದರೆ ಆಗ ಲೀಕ್ ಹುಡುಕಿ. ಇಂಜಿನ್ ಆಫ್ ಮಾಡಿ, ಪೈಪಿನ ಜೋಡಣೆಗಳು, ಕಂಡೆನ್ಸರಿನ ಮೂಲೆ, ಗ್ಯಾಸ್ ತುಂಬುವ ವಾಲ್ವ್ ಇವುಗಳ ಮೇಲೆ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿದೆಯಾ ನೋಡಿ. ಗ್ಯಾಸಿನ ಜೊತೆ ಎಣ್ಣೆಯೂ ಸುತ್ತುವುದರಿಂದ ಲೀಕ್ ಇರುವ ಕಡೆ ಜಿಡ್ಡು ಬರುತ್ತದೆ. ಸಾಬೂನಿನ ನೊರೆ ಹಚ್ಚಿದರೆ ದೊಡ್ಡ ಲೀಕ್ ಗುಳ್ಳೆಯಾಗಿ ಕಾಣುತ್ತದೆ. ಮನೆಯ ಕೆಲಸ ಇಲ್ಲಿಗೆ ನಿಲ್ಲಲಿ.

ಡಬ್ಬಿಯಲ್ಲಿ ಗ್ಯಾಸ್ ತರಿಸಿ ನಾವೇ ತುಂಬಬಹುದಲ್ವಾ ಎಂದು ಕೇಳುವವರಿದ್ದಾರೆ. ಬೇಡ ಎನ್ನುವುದಕ್ಕೆ ಗಟ್ಟಿ ಕಾರಣ ಇದೆ. ಸಾಮಾನ್ಯ ಕಾರುಗಳಲ್ಲಿರುವ ಆರ್-134ಎ ಗ್ಯಾಸ್ ಮೈನಸ್ 26 ಡಿಗ್ರಿಯಲ್ಲೇ ಕುದಿಯುತ್ತದೆ. ದ್ರವ ಚಿಮ್ಮಿದರೆ ಚರ್ಮ, ಕಣ್ಣು ಹೆಪ್ಪುಗಟ್ಟಿ ಹಾಳಾಗುತ್ತದೆ. ಇಂಜಿನ್ ಆಫ್ ಇರುವಾಗ 30 ಡಿಗ್ರಿ ಹವೆಯಲ್ಲಿ ಅದರ ಒತ್ತಡ ಸುಮಾರು 97 ಪಿಎಸ್‌ಐ. ಒಳಗೆ 200 ಗ್ರಾಂ ಇದ್ದರೂ ಅಷ್ಟೇ, 450 ಗ್ರಾಂ ಇದ್ದರೂ ಅಷ್ಟೇ. ಹಾಗಾಗಿ ಆಗ ಮೀಟರ್ ನೋಡಿ ಎಷ್ಟು ಗ್ಯಾಸ್ ಇದೆ ಎಂದು ಹೇಳಲಾಗುವುದಿಲ್ಲ. ಇದ್ದದ್ದನ್ನು ಯಂತ್ರದಲ್ಲಿ ಹೊರತೆಗೆದು, ವ್ಯಾಕ್ಯೂಮ್ ಮಾಡಿ (ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆದು), ತೂಕ ಹಾಕಿ ತುಂಬುವುದೇ ಸರಿಯಾದ ಕ್ರಮ. ಎಷ್ಟು ಗ್ರಾಂ, ಯಾವ ಗ್ಯಾಸ್ ಎಂಬುದು ಬಾನೆಟ್ ಕೆಳಗಿನ ಚೀಟಿಯಲ್ಲಿ ಇರುತ್ತದೆ. ಜಾಸ್ತಿಯಾದರೂ ಕೂಲಿಂಗ್ ಕೆಡುತ್ತದೆ, ಕಂಪ್ರೆಸರ್ ಹೋಗುತ್ತದೆ. ಅಗ್ಗಕ್ಕೆ ಸಿಗುತ್ತದೆಂದು ಅಡುಗೆ ಅನಿಲದಂಥ ಉರಿಯುವ ಗ್ಯಾಸ್ ಯಾರಾದರೂ ಹಾಕಲು ಬಂದರೆ ಅಲ್ಲಿಂದ ಹೊರಟುಬಿಡಿ. ಡ್ಯಾಶ್‌ಬೋರ್ಡಿನೊಳಗೆ ಲೀಕ್ ಆದರೆ ಅದು ತುಂಬುವುದು ನೀವು ಕೂತ ಜಾಗಕ್ಕೇ.

ವ್ಯಾಕ್ಯೂಮ್ ವಿಷಯದಲ್ಲಿ ಇಲ್ಲಿ ಸ್ವಲ್ಪ ಹಟ ಹಿಡಿಯಿರಿ. ಪೈಪ್ ಬಿಚ್ಚಿದಾಗ ಈ ತೇವದ ಗಾಳಿ ಒಳಗೆ ಹೋಗಿರುತ್ತದೆ, ಎಣ್ಣೆ ಅದನ್ನು ಹೀರಿಕೊಂಡಿರುತ್ತದೆ. ಕನಿಷ್ಠ ಅರ್ಧ ಗಂಟೆ ಪಂಪ್ ಓಡಬೇಕು. ಆಮೇಲೆ ನಿಲ್ಲಿಸಿ ಹತ್ತು ಹದಿನೈದು ನಿಮಿಷ ಮುಳ್ಳು ಏರುತ್ತದಾ ಎಂದು ನೋಡಬೇಕು. ಏರಿದರೆ ಲೀಕ್ ಇನ್ನೂ ಇದೆ. ಕಂಡೆನ್ಸರ್ ಬದಲಿಸಿದರೆ ಗ್ಯಾಸಿನಲ್ಲಿರುವ ತೇವ ಹೀರುವ ಡ್ರೈಯರನ್ನೂ ಹೊಸದು ಹಾಕಿಸಿ, ಕೆಲವು ಕಾರುಗಳಲ್ಲಿ ಅದು ಕಂಡೆನ್ಸರಿನ ಜೊತೆಗೇ ಬರುತ್ತದೆ.

ಭಾಷೆಯ ಚಿಂತೆ ಬೇಡ. ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ ಕಡೆ ಗ್ಯಾರೇಜುಗಳಲ್ಲಿ ಕನ್ನಡ, ತುಳು ನಡೆಯುತ್ತದೆ. ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡ್ ಕಡೆ ಹೋದರೆ ಮಲಯಾಳವೇ ಜಾಸ್ತಿ. "ತಣುಪ್ಪ್ ಕುರವಾಣ್, ಆದ್ಯಂ ಲೀಕ್ ನೋಕ್ಕಣಂ" ಎಂದರೆ ತಂಪು ಕಡಿಮೆ, ಮೊದಲು ಲೀಕ್ ನೋಡಬೇಕು ಎಂದು. ಕೆಲಸ ಮುಗಿದಾಗ "ಎತ್ರ ಗ್ರಾಂ ಇಟ್ಟು?" ಎಂದು ಕೇಳಿ. ಗ್ಯಾಸಿನ ಹೆಸರು, ಗ್ರಾಂ, ಲೀಕ್ ಎಲ್ಲಿತ್ತು ಎಂಬುದನ್ನು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ಮನೆಗೆ ಬಂದು ಅದೇ ಥರ್ಮಾಮೀಟರ್ ಅದೇ ಕಿಂಡಿಗೆ ಇಟ್ಟು ಅಳೆದು, ಹಳೆಯ ಅಂಕಿಯ ಪಕ್ಕ ಹೊಸದನ್ನು ಬರೆಯಿರಿ. ಒಂದೆರಡು ತಿಂಗಳಲ್ಲಿ ಅಂಕಿ ಮತ್ತೆ ಏರಿದರೆ ಆ ಬಿಲ್ ಹಿಡಿದು ಅದೇ ಗ್ಯಾರೇಜಿಗೆ ಹೋಗಿ, ಗ್ಯಾಸ್ ತುಂಬುವ ಮುಂಚೆ ಲೀಕನ್ನು ತೋರಿಸಿ ಎಂದು ಕೇಳಿ.