ಬೀಜಕ್ಕೆ ಅಪ್ಪ ಯಾರು ಅಂತ ಹುಡುಕಿದ್ದು

ಆಲ್ಪ್ಸ್‌ನಲ್ಲಿ ಹಿಮ ಕರಗಿದ ಬೆನ್ನಿಗೇ ತಲೆ ಎತ್ತುವ ಬಿಳಿ ಬಟರ್‌ಕಪ್ ಒಂದಿದೆ, ರನನ್‌ಕ್ಯುಲಸ್ ಕ್ಯುಪ್‌ಫೆರಿ. ಎರಡು ಬೇಸಿಗೆ ಅದರ ಹಿಂದೆ ಅಲೆದೆ. ಇದರಲ್ಲಿ ಎರಡು ಬಗೆ. ಎರಡು ಸೆಟ್ ಕ್ರೋಮೋಸೋಮ್ (ಡಿಎನ್‌ಎ ಹೊತ್ತ ಎಳೆಗಳು) ಇರುವ ಗಿಡಗಳು ಗಂಡು-ಹೆಣ್ಣು ಕೂಡಿಯೇ ಬೀಜ ಕಟ್ಟುತ್ತವೆ. ಅವು ನೈರುತ್ಯದ ಮೂಲೆ ಬಿಟ್ಟು ಕದಲಿಲ್ಲ. ನಾಲ್ಕು ಸೆಟ್ಟಿನವು ಹಿಮಯುಗ ಮುಗಿದ ಮೇಲೆ ಆಸ್ಟ್ರಿಯಾದವರೆಗೆ ಹಬ್ಬಿದವು. ಇವು ಹೆಚ್ಚಾಗಿ ಬೀಜದೊಳಗೆ ತಾಯಿಯ ಪಡಿಯಚ್ಚನ್ನೇ ಇಡುತ್ತವೆ. ನಮ್ಮ ಕರಾವಳಿಯ ಓಲೂರು ಮಾವಿನ ಒಂದೇ ಗೊರಟಿನಿಂದ ಮೂರ್ನಾಲ್ಕು ಸಸಿ ಏಳುತ್ತವಲ್ಲ, ಅದಕ್ಕೆ ದಾಯಾದಿ ಅನ್ನಿ.

ಮೊದಲ ವರ್ಷ ಬರಿಗೈ. ಹಣ್ಣಾದ ಬೀಜ ಗಾಳಿಗೆ ಉದುರಿಹೋಗಿ ಬೋಳು ತೊಟ್ಟುಗಳಷ್ಟೇ ಸಿಕ್ಕವು. ಮರುವರ್ಷ ಎಸಳು ಬಿದ್ದ ತಕ್ಷಣ ಒಂದೊಂದು ಹೂವಿಗೂ ಖಾಲಿ ಟೀ ಬ್ಯಾಗ್ ಕಟ್ಟಿದೆ. ದಾರಿಹೋಕರು ನಕ್ಕರು.

ಲ್ಯಾಬಿನಲ್ಲಿ ಬೀಜಗಳನ್ನು ಒಂದೊಂದಾಗಿ ಸ್ಟೀಲ್ ಗುಂಡುಗಳ ಜೊತೆ ಕುಲುಕಿ ಪುಡಿ ಮಾಡಿ, ಬಣ್ಣ ಹಾಕಿ, ಡಿಎನ್‌ಎ ಅಳೆಯುವ ಫ್ಲೋ ಸೈಟೋಮೀಟರಿಗೆ ಕೊಟ್ಟೆ. ಭ್ರೂಣಕ್ಕೂ ಅದರ ಬುತ್ತಿಯಾದ ಭ್ರೂಣಾಹಾರಕ್ಕೂ ಇರುವ ಲೆಕ್ಕದಲ್ಲೇ ಗುಟ್ಟಿದೆ. ನಾಲ್ಕು ಸೆಟ್ಟಿನ ಗಿಡದಲ್ಲಿ ಕೂಡಿ ಹುಟ್ಟಿದ ಬೀಜವಾದರೆ ಭ್ರೂಣದ 4 ಸೆಟ್ಟಿಗೆ ಭ್ರೂಣಾಹಾರದಲ್ಲಿ 6. ತಾಯಿಯ ನಕಲಾದರೆ 4ಕ್ಕೆ 10, ಕೆಲವೊಮ್ಮೆ 12. ಒಂದೇ ಗಿಡದ ಅಕ್ಕಪಕ್ಕದ ಬೀಜಗಳಲ್ಲಿ ಎರಡೂ ಬಗೆ ಕಂಡಾಗ ಯಂತ್ರವೇ ಕೆಟ್ಟಿದೆ ಅಂದುಕೊಂಡು ಮತ್ತೆ ಅಳೆದೆ. ಕೆಟ್ಟಿರಲಿಲ್ಲ, ಈ ಗಿಡ ಎರಡೂ ದಾರಿ ಇಟ್ಟುಕೊಂಡಿದೆ.

ಆ 10ರಲ್ಲಿ 8 ತಾಯಿಯದು, 2 ಪರಾಗದ್ದು. ಅಂದರೆ ನಕಲು ಬೀಜಕ್ಕೂ ಬುತ್ತಿ ಕಟ್ಟಲು ಪರಾಗ ಬೇಕೇ ಬೇಕು. ಆದರೆ ತನ್ನದೇ ಪರಾಗ ಸಾಕಾಗುವುದರಿಂದ ಹಿಮನದಿ ಬಿಟ್ಟುಹೋದ ಬರಿನೆಲದಲ್ಲಿ ಒಂಟಿ ಗಿಡವೂ ಸಂಸಾರ ಹೂಡಬಲ್ಲದು.

ಹಬ್ಬಿದ್ದಕ್ಕೆ ಇದಿಷ್ಟೇ ಕಾರಣ ಎಂದು ಬರೆದುಬಿಡುವ ಆಸೆ ನನಗಿತ್ತು. ಆದರೆ ನಾಲ್ಕು ಸೆಟ್ಟಿನವು ಹೆಚ್ಚು ಚಳಿಯ ತಾಣಗಳಲ್ಲೂ ಬೇರೂರಿವೆ. ಕ್ರೋಮೋಸೋಮ್ ಇಮ್ಮಡಿಯಾದದ್ದು, ಚಳಿ ತಾಳಿಕೆ, ನಕಲು ಬೀಜ ಮೂರೂ ಒಂದೇ ಗಿಡದಲ್ಲಿ ಹೆಣೆದುಕೊಂಡಿರುವಾಗ ಹಬ್ಬಿದ ಶ್ರೇಯ ಯಾವುದಕ್ಕೆ ಕೊಡಲಿ? ಅದಕ್ಕೇ ಈ ಸಲ ಎರಡೂ ಬಗೆಯ ಗಿಡಗಳ ಬುಡದಲ್ಲಿ, ಗಂಟೆಗೊಮ್ಮೆ ಉಷ್ಣಾಂಶ ಬರೆದಿಟ್ಟುಕೊಳ್ಳುವ ಅಂಗಿ ಗುಂಡಿಯಷ್ಟು ಪುಟ್ಟ ಯಂತ್ರಗಳನ್ನು ಹೂತು ಬಂದಿದ್ದೇನೆ. ಈಗ ಅವುಗಳ ಮೇಲೆ ಹಿಮ ಕೂತಿದೆ. ಜೂನ್‌ನಲ್ಲಿ ಅಗೆಯಬೇಕು.